ಹೆಬ್ಬೆಟ್ಟು ನಮ್ಮದು, ಸಹಿ ಯಾರದು?

ಹಾಸ್ಟೆಲಿನ ಗೆಳೆಯರೇ,

ದೇವನಹಳ್ಳಿ ವಿಮಾನ ನಿಲ್ದಾಣದ ರನ್‌ವೇ ಪಕ್ಕದಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಗಳು ಕಾಲು ಚಾಚುತ್ತಿವೆ. ಇಂಡಿಗೋ ಕಂಪನಿ 2022ರಲ್ಲಿ ಅಲ್ಲೊಂದು ಹ್ಯಾಂಗರ್ ತೆರೆದಿತ್ತು. ಹ್ಯಾಂಗರ್ ಅಂದರೆ ವಿಮಾನವನ್ನು ಒಳಗೆ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಷೆಡ್ಡು. ಅದು ಸಾಲದೆಂದು 2025ರಲ್ಲಿ 31 ಎಕರೆಯ ಹೊಸ ರಿಪೇರಿ ಕೇಂದ್ರಕ್ಕೆ ನಿಲ್ದಾಣದ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಮುಂಚೆ, 2024ರಲ್ಲಿ, ಏರ್ ಇಂಡಿಯಾ ಅದೇ ಜಾಗದಲ್ಲಿ 35 ಎಕರೆಯಲ್ಲಿ ಕೆಲಸ ಶುರುಮಾಡಿತ್ತು. ವಿಮಾನ ನಿಲ್ಲಿಸಲು 12 ಅಂಕಣ, ನುರಿತ ಎಂಜಿನಿಯರುಗಳಿಗೆ 1,200 ಕೆಲಸ ಎಂದು ಆ ಕಂಪನಿ ಹೇಳಿಕೊಂಡಿತು. ಮಂತ್ರಿಗಳು ಕೈಕುಲುಕಿದರು. ಪೇಪರಿನವರು ಫೋಟೋ ಹಾಕಿದರು. ನಾಡು ಮುಂದುವರಿಯಿತು ಎಂದು ಎಲ್ಲರೂ ಹೇಳಿದರು.

ಮುಂದುವರಿಯಲಿ ಸ್ವಾಮಿ, ನಮ್ಮದೇನೂ ತಕರಾರಿಲ್ಲ. ನಾವು ಕೇಳುವುದು ಒಂದೇ ಮಾತು. ರಿಪೇರಿಯಾದ ವಿಮಾನ ಮತ್ತೆ ಹಾರಬೇಕಾದರೆ ಒಂದು ಕಾಗದದ ಮೇಲೆ ಒಬ್ಬರು ಸಹಿ ಹಾಕಬೇಕು. 'ಇದು ಸರಿಯಾಗಿದೆ, ಹಾರಬಹುದು' ಎಂದು ಲೈಸೆನ್ಸ್ ಇರುವ ಎಂಜಿನಿಯರ್ ಬರೆದುಕೊಡಬೇಕು. ಆ ಸಹಿ ಇಲ್ಲದೆ ಎಷ್ಟೇ ಕೋಟಿಯ ವಿಮಾನವೂ ನೆಲ ಬಿಟ್ಟು ಏಳುವ ಹಾಗಿಲ್ಲ. ಆ ಸಹಿ ಯಾರದು? ಆ ನೆಲ ಬಿಟ್ಟುಕೊಡುವಾಗ ಹೆಬ್ಬೆಟ್ಟು ಒತ್ತಿದವರ ಮನೆಯ ಮಗನದಾ? ಅದೇ ನೆಲದಲ್ಲಿ ಕೂಲಿ ಮಾಡಿ, ಹೆಬ್ಬೆಟ್ಟು ಒತ್ತುವುದಕ್ಕೂ ಕಾಗದವಿಲ್ಲದೆ ಎದ್ದುಹೋದ ಕೇರಿಯ ಮಗಳದಾ? ಅಥವಾ ನಮ್ಮ ಪಾಲಿಗೆ ಇಲ್ಲೂ ಪೊರಕೆಯೇ ಗತಿಯಾ?

ಈ ವಿಮಾನ ರಿಪೇರಿ ಅನ್ನುವುದು ಏನು ಎಂದು ಮೊದಲು ತಿಳಿದುಕೊಳ್ಳೋಣ. ಗೊತ್ತಿಲ್ಲದ ವಿಚಾರದ ಮೇಲೆ ಘೋಷಣೆ ಕೂಗುವುದು ಸುಲಭ. ಗೊತ್ತುಮಾಡಿಕೊಂಡು ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಅವರಿಗೆ ಕಷ್ಟ.

ನಮ್ಮ ತಾಲ್ಲೂಕಿನ ಬಸ್ ಡಿಪೋ ನೋಡಿದ್ದೀರಿ. ರಾತ್ರಿ ಬಸ್ಸು ಬರುತ್ತೆ. ಮೆಕ್ಯಾನಿಕ್ ಬ್ರೇಕು ನೋಡುತ್ತಾನೆ, ಎಣ್ಣೆ ನೋಡುತ್ತಾನೆ, ಟೈರು ನೋಡುತ್ತಾನೆ. ಬೆಳಗ್ಗೆ ಬಸ್ಸು ಹೊರಡುತ್ತೆ. ವಿಮಾನದ್ದೂ ಹಂಗೇ, ಆದರೆ ಲೆಕ್ಕ ಬಹಳ ಬಿಗಿ. ಇಷ್ಟು ಗಂಟೆ ಹಾರಿತು ಅಂದರೆ ಚಿಕ್ಕ ತಪಾಸಣೆ. ಅದನ್ನು ಎ-ಚೆಕ್ ಅನ್ನುತ್ತಾರೆ, ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ, ಸಿ-ಚೆಕ್, ವಾರಗಟ್ಟಲೆ ಹಿಡಿಯುತ್ತದೆ. ಇನ್ನೂ ಹೆಚ್ಚು ವರ್ಷಕ್ಕೊಮ್ಮೆ ಸೀಟು, ನೆಲಹಾಸು, ಗೋಡೆಯ ಹಲಗೆ ಎಲ್ಲ ಬಿಚ್ಚಿ, ಬಣ್ಣ ಕೆರೆದು, ಅಸ್ಥಿಪಂಜರ ಕಾಣುವ ಹಾಗೆ ಮಾಡಿ, ಎಲ್ಲಿ ಬಿರುಕು, ಎಲ್ಲಿ ತುಕ್ಕು ಎಂದು ಹುಡುಕುತ್ತಾರೆ. ಯಾವ ಬೋಲ್ಟು ಯಾರು ಬಿಚ್ಚಿದರು, ಯಾರು ಹಾಕಿದರು, ಯಾರು ಪರೀಕ್ಷಿಸಿದರು, ಎಲ್ಲಕ್ಕೂ ಕಾಗದ. ಎಲ್ಲಕ್ಕೂ ಸಹಿ.

ಇದನ್ನು ಊರಾಚೆ ಎಲ್ಲಾದರೂ ಮಾಡಬಹುದಲ್ಲ, ರನ್‌ವೇ ಪಕ್ಕದಲ್ಲೇ ಯಾಕೆ? ವಿಮಾನವನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವುದಕ್ಕೆ ಆಗುವುದಿಲ್ಲ. ಇಳಿದ ಕಡೆಯಿಂದ ಅದರ ಚಕ್ರದ ಮೇಲೇ ಎಳೆದುಕೊಂಡು ಷೆಡ್ಡಿಗೆ ತರಬೇಕು. ನಿಂತ ವಿಮಾನ ಕಾಸು ಹುಟ್ಟಿಸುವುದಿಲ್ಲ, ನಷ್ಟ ಹುಟ್ಟಿಸುತ್ತದೆ. ಹಾಗಾಗಿ ರನ್‌ವೇಗೆ ಅಂಟಿಕೊಂಡ ಒಂದೊಂದು ಎಕರೆಯೂ ಅವರಿಗೆ ಚಿನ್ನ. ಅಂಥ ಜಾಗ ದೇಶದಲ್ಲಿ ಎಲ್ಲೆಂದರಲ್ಲಿ ಸಿಗುವುದಿಲ್ಲ, ಹೊಸದಾಗಿ ಬೇಕೆಂದಾಗ ಹುಟ್ಟುವುದೂ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ಯಾವ ನೆಲ ಬಿಟ್ಟರೆ ಬಂಡವಾಳಕ್ಕೆ ಬೇರೆ ಗತಿ ಇಲ್ಲವೋ, ಆ ನೆಲದ ಮೇಲೆ ಶರತ್ತು ಹಾಕುವ ಶಕ್ತಿ ಸರ್ಕಾರಕ್ಕೆ ಇರುತ್ತದೆ. ಸರ್ಕಾರ ಹಾಕುತ್ತಿಲ್ಲ ಅಂದರೆ ಅದಕ್ಕೆ ಶಕ್ತಿ ಇಲ್ಲ ಎಂದಲ್ಲ, ಮನಸ್ಸಿಲ್ಲ ಎಂದು.

ಈಗಲೇ ಯಾಕೆ ಈ ಅವಸರ? 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಅಷ್ಟು ವಿಮಾನಗಳನ್ನು ನೋಡಿಕೊಳ್ಳಬೇಕು. ಇಷ್ಟು ಕಾಲ ದೊಡ್ಡ ರಿಪೇರಿಗಳಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತಿತ್ತು, ಸಿಂಗಪುರದಂಥ ಕಡೆಗೆ. ಅದನ್ನು ಇಲ್ಲೇ ಉಳಿಸಿಕೊಳ್ಳಲು ಸರ್ಕಾರ 2020ರಲ್ಲಿ ಈ ರಿಪೇರಿ ಕೆಲಸದ ಮೇಲಿನ ಜಿಎಸ್‌ಟಿಯನ್ನು 18ರಿಂದ ಶೇಕಡಾ 5ಕ್ಕೆ ಇಳಿಸಿತು. 2024ರ ಜುಲೈನಲ್ಲಿ ಹೊರಗಿನಿಂದ ತರುವ ವಿಮಾನದ ಬಿಡಿಭಾಗ, ಉಪಕರಣಗಳಿಗೂ ಒಂದೇ ಸಮ ಶೇಕಡಾ 5 ಮಾಡಿತು. ಅಂದರೆ ಈ ಷೆಡ್ಡುಗಳು ಕಂಪನಿಯ ದುಡ್ಡಿನಿಂದ ಮಾತ್ರ ಏಳುತ್ತಿಲ್ಲ. ಸರ್ಕಾರ ಬಿಟ್ಟುಕೊಟ್ಟ ತೆರಿಗೆಯಿಂದಲೂ ಏಳುತ್ತಿವೆ. ಬೆಂಕಿಪೊಟ್ಟಣ ಕೊಂಡರೂ ನಮ್ಮ ಅವ್ವಂದಿರು ತೆರಿಗೆ ಕಟ್ಟುತ್ತಾರೆ.

ಇನ್ನು ನೆಲದ ಮಾತು.

ಆ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಸುಮಾರು 4,000 ಎಕರೆ ಜಾಗ. ಸರ್ಕಾರ ರೈತರಿಂದ ಸ್ವಾಧೀನ ಮಾಡಿಕೊಂಡು, ತನ್ನದೇ ನಿಗಮದ ಮೂಲಕ ನಿಲ್ದಾಣದ ಕಂಪನಿಗೆ ಗುತ್ತಿಗೆಗೆ ಕೊಟ್ಟ ಜಾಗ. ಆ ಕಂಪನಿಯಲ್ಲಿ ರಾಜ್ಯ ಸರ್ಕಾರದ ನಿಗಮಕ್ಕೆ ಶೇಕಡಾ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇಕಡಾ 13 ಪಾಲಿದೆ. 'ಅದು ಖಾಸಗಿ, ಅಲ್ಲಿ ನಾವೇನೂ ಕೇಳೋ ಹಾಗಿಲ್ಲ' ಎಂದು ಯಾರಾದರೂ ನಿಮಗೆ ಹೇಳಿದರೆ ಈ ಎರಡು ಹದಿಮೂರುಗಳನ್ನು ಮುಂದಿಡಿ. ನೆಲ ಸಾರ್ವಜನಿಕ, ಪಾಲು ಸಾರ್ವಜನಿಕ, ತೆರಿಗೆ ರಿಯಾಯಿತಿ ಸಾರ್ವಜನಿಕ. ಉದ್ಯೋಗ ಕೊಡುವಾಗ ಮಾತ್ರ ಖಾಸಗಿ. ಇದು ಯಾವ ಸೀಮೆಯ ನ್ಯಾಯ?

ನೆಲ ಹೋಗುವಾಗ ನಮ್ಮವರಿಗೆ ಆಗುವುದೇನು ಎಂದು ಹಳ್ಳಿಯಿಂದ ಬಂದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರ ಪಹಣಿ ನೋಡಿಕೊಂಡು ಬರುತ್ತದೆ. ಪಹಣಿಯಲ್ಲಿ ಗೌಡರ ಹೆಸರಿರುತ್ತದೆ. ಮೂರು ತಲೆಮಾರು ಆ ಹೊಲದಲ್ಲಿ ಕಳೆ ಕಿತ್ತವಳ ಹೆಸರು ಯಾವ ಕಾಲಂನಲ್ಲೂ ಇರುವುದಿಲ್ಲ. ಬಗರ್ ಹುಕುಂ ಉಳುಮೆ ಮಾಡಿದವನು ಅರ್ಜಿ ಹಾಕಿಕೊಂಡು ಕೂತಿರುತ್ತಾನೆ. ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾದವನಿಗೆ ಒಂದು ರಕ್ಷಣೆ ಇದೆ, 1978ರ ಪಿಟಿಸಿಎಲ್ ಕಾಯ್ದೆ. ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಯಾರೂ ಕೊಳ್ಳುವ ಹಾಗಿಲ್ಲ. ಆದರೆ ಕೈಗಾರಿಕೆಗೆಂದು ಸರ್ಕಾರವೇ ಬಾಗಿಲಿಗೆ ಬಂದು ನೋಟಿಸು ಅಂಟಿಸಿದರೆ ಆ ಕಾಯ್ದೆ ಅಡ್ಡ ನಿಲ್ಲುವುದಿಲ್ಲ. ಧಣಿಯಿಂದ ಕಾಪಾಡಲು ಮಾಡಿದ ಬೇಲಿ, ಬೇಲಿ ಹಾಕಿದವನೇ ಮೇಯಲು ಬಂದರೆ ಏನು ಮಾಡೀತು? ಓದು ಬಾರದ ಹಿರಿಯರು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ದುಡ್ಡು ಬಂತು, ಮದುವೆಗೆ ಹೋಯ್ತು, ಸಾಲಕ್ಕೆ ಹೋಯ್ತು, ಆಸ್ಪತ್ರೆಗೆ ಹೋಯ್ತು. ಕೂಲಿಯವರಿಗೆ ಅದೂ ಇಲ್ಲ. ಹೊಲ ಹೋದ ದಿನವೇ ಅವರ ಅನ್ನ ಹೋಯ್ತು. ಅದಕ್ಕೆ ಯಾವ ಅಧಿಕಾರಿಯೂ ಪಂಚನಾಮೆ ಬರೆಯಲಿಲ್ಲ.

ಇದೇ ಕತೆ ಮತ್ತೆ ನಡೆಯಬೇಕಿತ್ತು. 2022ರ ಜನವರಿಯಲ್ಲಿ ಕೆಐಎಡಿಬಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಹೊರಡಿಸಿತು. ವಿಮಾನ ಕೈಗಾರಿಕೆಗಳ ಪಾರ್ಕು ಮಾಡುತ್ತೇವೆ ಎಂದರು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ, ಹಾಲು ಹಾಕಿ ಮಕ್ಕಳನ್ನು ಓದಿಸುವ ಹಳ್ಳಿಗಳು. ಅಲ್ಲಿಯ ಜನ 2022ರ ಏಪ್ರಿಲ್ 4ರಂದು ಧರಣಿ ಕೂತರು. ಸರ್ಕಾರ ಬದಲಾಯಿತು, ನೋಟಿಸು ಬದಲಾಗಲಿಲ್ಲ. ಜನವೂ ಏಳಲಿಲ್ಲ. ರೈತರು, ದಲಿತರು, ಹೆಂಗಸರು, ಕೂಲಿಯವರು ಒಂದೇ ಜಮಖಾನದ ಮೇಲೆ ಕೂತರು. 2025ರ ಜೂನ್ 25ರಂದು ದೇವನಹಳ್ಳಿ ಚಲೋಗೆ ಹೋದವರನ್ನು ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು. 2025ರ ಜುಲೈ 15ರಂದು, 1,198 ದಿನಗಳ ಹೋರಾಟದ ನಂತರ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಹೇಳಬೇಕಾಯಿತು. ಮನಸ್ಸಿದ್ದವರು ಮಾತ್ರ ಕೊಡಬಹುದು, ಬಲವಂತವಿಲ್ಲ ಎಂದರು. ಆ ಹಳ್ಳಿಗಳ ತಾಯಂದಿರಿಗೆ ನಮ್ಮ ನಮಸ್ಕಾರ. ಗೆಲ್ಲಬಹುದು ಎಂದು ನಮ್ಮ ಕಾಲದಲ್ಲಿ ತೋರಿಸಿಕೊಟ್ಟವರು ಅವರು.

ಆದರೆ ಗೆಳೆಯರೇ, ಒಂದು ವಿಚಾರ ಬಿಡಿಸಿ ನೋಡಬೇಕು. ಚನ್ನರಾಯಪಟ್ಟಣದ 1,777 ಎಕರೆ ಬೇರೆ, ರನ್‌ವೇ ಪಕ್ಕದ ಈ 31 ಮತ್ತು 35 ಎಕರೆ ಬೇರೆ. ಅದು ಉಳುತ್ತಿದ್ದ ಹೊಲ. ಇದು ಕಾಂಪೌಂಡಿನ ಒಳಗೆ ಎಂದೋ ಸೇರಿಹೋದ ನೆಲ. ಅಲ್ಲಿ 'ಭೂಮಿ ಕೊಡೆವು' ಎಂಬ ಮಾತು ಸರಿ. ಇಲ್ಲಿ ಅದೇ ಮಾತು ಕೂಗಿದರೆ ಗೋಡೆಗೆ ಕೂಗಿದ ಹಾಗೆ. ಹೋದ ನೆಲ ಮತ್ತೆ ಹೊಲವಾಗುವುದಿಲ್ಲ. ಟಾರು ಹಾಸಿದ ಮೇಲೆ ರಾಗಿ ಬೆಳೆಯುವುದಿಲ್ಲ. ಹಾಗಾದರೆ ಸುಮ್ಮನಿರಬೇಕಾ? ಇಲ್ಲ. ಇಲ್ಲಿ ಕೇಳಬೇಕಾದ ಮಾತು ಬೇರೆ: ಆ ನೆಲದ ಮೇಲೆ ಏಳುವ ಅನ್ನದಲ್ಲಿ ನಮ್ಮ ಪಾಲೆಷ್ಟು? ಅನ್ನದಲ್ಲಿ ಮಾತ್ರವಲ್ಲ, ಅಧಿಕಾರದಲ್ಲಿ ಎಷ್ಟು?

ನಮ್ಮಲ್ಲಿ ಕೆಲವರು ಕೈಗಾರಿಕೆ ಅಂದ ಕೂಡಲೇ ಮುಖ ತಿರುಗಿಸುತ್ತಾರೆ. ಹಳ್ಳಿಯೇ ಸ್ವರ್ಗ ಎಂದು ಹಾಡುತ್ತಾರೆ. ಯಾರ ಸ್ವರ್ಗ? ಬಾಬಾಸಾಹೇಬರು ಹಳ್ಳಿಯ ಹಾಡು ಹಾಡಿದವರಲ್ಲ. 1918ರಲ್ಲೇ, ಇನ್ನೂ ಇಪ್ಪತ್ತಾರು ಇಪ್ಪತ್ತೇಳರ ತರುಣರಾಗಿದ್ದಾಗ, ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಭೂಮಿಯ ಮೇಲೆ ಬಿದ್ದಿರುವ ಹೆಚ್ಚುವರಿ ಜನರಿಗೆ ಕೈಗಾರಿಕೆ ಕೆಲಸ ಕೊಡದೆ ಬೇಸಾಯದ ರೋಗ ವಾಸಿಯಾಗುವುದಿಲ್ಲ ಎಂದು ಅದರಲ್ಲಿ ವಾದಿಸಿದರು. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನಡೆಸಿದವರೂ ಅವರೇ. ಆದ್ದರಿಂದ ಯಂತ್ರ ನಮ್ಮ ವೈರಿ ಅಲ್ಲ. ಜೀತದ ಕೊಟ್ಟಿಗೆಗಿಂತ ಹ್ಯಾಂಗರ್ ಮೇಲು. ಆದರೆ ಹ್ಯಾಂಗರಿಗೂ ಎರಡು ಬಾಗಿಲಿದ್ದರೆ, ಒಂದು ಅವರಿಗೆ ಒಂದು ನಮಗೆ ಎಂದಾದರೆ, ಅದು ತಗಡು ಹೊದಿಸಿದ ಹಳ್ಳಿಯೇ.

ಎರಡು ಬಾಗಿಲು ಇವೆಯಾ? ಒಳಗಿನ ಕೆಲಸದ ಪಟ್ಟಿ ನೋಡಿ.

ಮೇಲೆ ಲೈಸೆನ್ಸ್ ಇರುವ ಎಂಜಿನಿಯರ್. ಅವನ ಕೆಳಗೆ ಟೆಕ್ನೀಷಿಯನ್, ಬಿಚ್ಚುವವನು, ಜೋಡಿಸುವವನು. ಅದರ ಕೆಳಗೆ ಹೆಸರಿಲ್ಲದ ಕೆಲಸಗಳು. ಹೊಟ್ಟೆಯಡಿ ತೂರಿ ಎಣ್ಣೆ ಒರೆಸುವುದು. ಬಣ್ಣ ಕರಗಿಸುವ ಔಷಧ ಬಳಿದು ಕೆರೆಯುವುದು. ಕಕ್ಕಸಿನ ತೊಟ್ಟಿ ಖಾಲಿ ಮಾಡುವುದು. ಸೀಟಿನ ಸಂದಿಯ ಕೊಳೆ ತೆಗೆಯುವುದು. ಸೋರಿದ ದ್ರಾವಣವನ್ನು ಬಟ್ಟೆಯಿಂದ ಹೀರಿಸುವುದು. ತುಕ್ಕು ಹಿಡಿಯದಿರಲಿ ಎಂದು ವಿಮಾನಗಳಿಗೆ ಬಳಿಯುವ ಬಣ್ಣಗಳಲ್ಲಿ ಕ್ರೋಮಿಯಂ ಸೇರಿರುವುದುಂಟು. ಅದನ್ನು ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ವಿಷ, ಕ್ಯಾನ್ಸರ್ ತರುವಂಥದ್ದು. ಅದಕ್ಕೆ ಮುಖವಾಡ ಬೇಕು, ಗಾಳಿ ಎಳೆಯುವ ಯಂತ್ರ ಬೇಕು, ಕೈಗವಸು ಬೇಕು. ಕಂಪನಿಯ ಸ್ವಂತ ನೌಕರನಿಗೆ ಇವು ಸಿಗಬಹುದು. ಕಂಟ್ರಾಕ್ಟರ್ ಕೈಕೆಳಗೆ ಇವತ್ತು ಬಂದು ನಾಳೆ ಹೋಗುವವನಿಗೆ? ಈ ದೇಶದಲ್ಲಿ ಕೊಳೆಯ ಕೆಲಸ ಯಾವ ಕೇರಿಯ ಕಡೆ ಹರಿದು ಬರುತ್ತದೆ ಎಂದು ನಿಮಗೆ ಗೊತ್ತು. ಇಳಿಜಾರು ಎಲ್ಲಿದೆಯೋ ಅಲ್ಲಿಗೆ. ಹೊಸ ಕೈಗಾರಿಕೆ ಬಂದರೆ ಇಳಿಜಾರು ತಾನಾಗಿ ಸಮ ಆಗುವುದಿಲ್ಲ. ಅದನ್ನು ಅಗೆದು ಸಮ ಮಾಡಬೇಕು.

ಅಗೆದು ಸಮ ಮಾಡಿದ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಎಚ್‌ಎಎಲ್ ಶುರುವಾದದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದರ ಬಂಡವಾಳದ ಜೊತೆ ಮೈಸೂರು ಸಂಸ್ಥಾನ ಕೈಜೋಡಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಮುಖ್ಯವಾಗಿ ರಿಪೇರಿ ಷೆಡ್ಡೇ ಆಗಿತ್ತು. ಅಮೆರಿಕದ ಯುದ್ಧವಿಮಾನಗಳನ್ನು ಅಲ್ಲಿ ಸರಿಮಾಡಿ ಕಳಿಸುತ್ತಿದ್ದರು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ರಿಪೇರಿಗೆ ಬರುತ್ತಿದ್ದವು. ಇವತ್ತು ನೊರೆಗೆ ಹೆಸರಾದ ಆ ಕೆರೆ ಅಂದು ರನ್‌ವೇ ಆಗಿತ್ತು! ಮುಂದೆ ಆ ಕಾರ್ಖಾನೆ ಸರ್ಕಾರದ್ದಾಯಿತು. ಸರ್ಕಾರದ್ದಾದ್ದರಿಂದ ಅಲ್ಲಿಗೆ ಮೀಸಲಾತಿ ಬಂತು. ಮೀಸಲಾತಿ ಬಂದದ್ದರಿಂದ ನಮ್ಮ ಜನ ಫಿಟ್ಟರ್ ಆದರು, ಇನ್‌ಸ್ಪೆಕ್ಟರ್ ಆದರು, ಎಂಜಿನಿಯರ್ ಆದರು. ಅಂಥ ಕಾರ್ಖಾನೆಗಳ ಸಂಬಳದಲ್ಲಿ ಓದಿದ ಮಕ್ಕಳು ನಮ್ಮ ಸಭೆಗಳಿಗೆ ಬಂದರು, ಪದ್ಯ ಬರೆದರು, ಪತ್ರಿಕೆ ಹೊರಡಿಸಿದರು.

ಏರ್ ಇಂಡಿಯಾ ಕೂಡ 1953ರಿಂದ ಸರ್ಕಾರದ ಕೈಯಲ್ಲಿತ್ತು. 2022ರ ಜನವರಿ 27ರಂದು ಅದು ಟಾಟಾ ಕಂಪನಿಯ ಕೈಸೇರಿತು. ಹಕ್ಕಿಯ ಜೊತೆ ರೆಕ್ಕೆ ಹೋದ ಹಾಗೆ, ಕಂಪನಿಯ ಜೊತೆ ಮೀಸಲಾತಿಯೂ ಹೋಯಿತು. ಮಾರುವಾಗ ಸಾಲ ಎಷ್ಟು, ವಿಮಾನ ಎಷ್ಟು, ಕಟ್ಟಡ ಎಷ್ಟು ಎಂದು ಲೆಕ್ಕ ಹಾಕಿದರು. ನಮ್ಮ ಹಕ್ಕು ಎಷ್ಟು ಬೆಲೆಗೆ ಹೋಯಿತು ಎಂದು ಯಾರೂ ಬರೆಯಲಿಲ್ಲ. ಈಗ ಅದೇ ಹೆಸರಿನ ಕಂಪನಿ 35 ಎಕರೆಯಲ್ಲಿ ಷೆಡ್ಡು ಕಟ್ಟಿ 1,200 ಜನರನ್ನು ತೆಗೆದುಕೊಳ್ಳುತ್ತೇನೆ ಎಂದಾಗ, ಅದರಲ್ಲಿ ಒಬ್ಬ ದಲಿತನನ್ನೂ ತೆಗೆದುಕೊಳ್ಳಬೇಕೆಂಬ ಮೀಸಲಾತಿ ಶರತ್ತು ಅದಕ್ಕಿಲ್ಲ.

ಇಲ್ಲಿಗೆ ಬಂದ ಕೂಡಲೇ ಅವರು ಒಂದು ಮಾತು ಎತ್ತುತ್ತಾರೆ: 'ವಿಮಾನದ ಕೆಲಸ ಸ್ವಾಮಿ, ಜೀವದ ಪ್ರಶ್ನೆ. ಇಲ್ಲಿ ಪ್ರತಿಭೆ ಮುಖ್ಯ, ಜಾತಿ ತರಬೇಡಿ.' ಈ ಮಾತಿಗೆ ಉತ್ತರ ಕೊಡೋಣ.

ಮೊದಲನೆಯದು. ಲೈಸೆನ್ಸ್ ಪರೀಕ್ಷೆ ನಮಗೆ ಮಾಫ್ ಮಾಡಿ ಎಂದು ನಾವು ಯಾರೂ ಕೇಳುತ್ತಿಲ್ಲ. ನಮ್ಮ ಜನರೂ ವಿಮಾನದಲ್ಲಿ ಕೂರುತ್ತಾರೆ, ನಮಗೂ ಜೀವದ ಮೇಲೆ ಆಸೆ ಇದೆ. ನಾವು ಕೇಳುತ್ತಿರುವುದು ಪರೀಕ್ಷೆಯ ಹಾಲಿನವರೆಗೆ ಹೋಗುವ ದಾರಿ. ಆ ದಾರಿ ಹೇಗಿದೆ? ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬೇಕು. ಆಮೇಲೆ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಪ್ಪಿದ ಶಾಲೆಯಲ್ಲಿ ಓದಬೇಕು. ಫೀಸು ಲಕ್ಷಗಟ್ಟಲೆ. ಪಠ್ಯ ಇಂಗ್ಲಿಷಿನಲ್ಲಿ. ಓದಿದ ಮೇಲೂ ವರ್ಷಗಟ್ಟಲೆ ಹ್ಯಾಂಗರಿನಲ್ಲಿ ಕೈಕೆಲಸದ ಅನುಭವ ತೋರಿಸಬೇಕು, ಆಮೇಲೆ ಲೈಸೆನ್ಸ್. ಗಣಿತದ ಮೇಷ್ಟ್ರೇ ಇಲ್ಲದ ಹೈಸ್ಕೂಲಿನಿಂದ ಬಂದು, ಫೀಸು ಕಡಿಮೆ ಎಂದು ಆರ್ಟ್ಸ್ ತೆಗೆದುಕೊಂಡ ನಮ್ಮ ಹುಡುಗ ಈ ಏಣಿಯ ಮೊದಲ ಮೆಟ್ಟಿಲನ್ನೇ ಕಂಡಿಲ್ಲ. ಏಣಿಯನ್ನು ಮೇಲಿನ ಮನೆಯವರ ಅಟ್ಟದಲ್ಲಿ ಇಟ್ಟು, ಹತ್ತಿ ಬಂದವನೇ ಪ್ರತಿಭಾವಂತ ಅಂದರೆ ಹೆಂಗೆ?

ಎರಡನೆಯದು, ಇನ್ನೂ ಮುಖ್ಯವಾದದ್ದು. ವಿಮಾನದ ಸುರಕ್ಷತೆಯೇ ಜಾತಿಯ ವಿರುದ್ಧ ಸಾಕ್ಷಿ ಹೇಳುತ್ತದೆ. 1988ರ ಏಪ್ರಿಲ್ 28ರಂದು ಅಮೆರಿಕದ ಹವಾಯಿಯಲ್ಲಿ ಅಲೋಹಾ ಕಂಪನಿಯ ಒಂದು ಬೋಯಿಂಗ್ 737 ಹಾರುತ್ತಿದ್ದಾಗಲೇ ಅದರ ಚಾವಣಿಯ ಒಂದು ಭಾಗ ಕಿತ್ತುಹೋಯಿತು. ಒಬ್ಬ ಗಗನಸಖಿ ಗಾಳಿಗೆ ಸಿಕ್ಕು ಸತ್ತರು. ಕಾರಣ, ಹಳೆಯ ಬಿರುಕುಗಳು ತಪಾಸಣೆಯಲ್ಲಿ ಸಿಕ್ಕಿರಲಿಲ್ಲ. ಹತ್ತುವಾಗ ಒಬ್ಬ ಪ್ರಯಾಣಿಕರ ಕಣ್ಣಿಗೆ ಬಿರುಕು ಬಿದ್ದಿತ್ತು. ಅವರು ಯಾರಿಗೂ ಹೇಳಲಿಲ್ಲ. ಅಂದಿನಿಂದ ರಿಪೇರಿ ಷೆಡ್ಡಿನಲ್ಲಿ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ದೊಡ್ಡ ವಿಚಾರಣೆ ನಡೆಯಿತು. ಕೆನಡಾದ ಗಾರ್ಡನ್ ಡುಪಾಂಟ್ ಎಂಬುವರು 1993ರಲ್ಲಿ ವಿಮಾನ ರಿಪೇರಿಯ ತಪ್ಪುಗಳಿಗೆ ಹನ್ನೆರಡು ಕಾರಣ ಪಟ್ಟಿಮಾಡಿದರು. ಅದರಲ್ಲಿ ಒಂದು: ಕಂಡದ್ದನ್ನು ಗಟ್ಟಿಯಾಗಿ ಹೇಳದೆ ಇರುವುದು. ಇವತ್ತು ಲೈಸೆನ್ಸಿಗೆ ಓದುವ ಪ್ರತಿಯೊಬ್ಬರೂ ಈ ವಿಷಯವನ್ನು ಒಂದು ಪಠ್ಯವಾಗಿ ಓದಬೇಕು.

ಈಗ ಹೇಳಿ. ಕಂಡದ್ದನ್ನು ಹೇಳಬೇಡ ಎಂದು ಎರಡು ಸಾವಿರ ವರ್ಷ ಪಾಠ ಮಾಡಿದ್ದು ಯಾವುದು? 'ದೊಡ್ಡವರ ಎದುರು ಬಾಯಿ ಬಿಡಬೇಡ' ಎಂದು ನಮ್ಮಪ್ಪಂದಿರ ಬೆನ್ನ ಮೇಲೆ ಬರೆದದ್ದು ಯಾವುದು? ನೆಲ ಒರೆಸುವ ಹುಡುಗನಿಗೆ ರೆಕ್ಕೆಯಡಿ ಎಣ್ಣೆ ಸೋರುವುದು ಮೊದಲು ಕಾಣುತ್ತದೆ. ಅವನು ಮೇಲಿನವನ ಹತ್ತಿರ ಹೋಗಿ 'ಸಾರ್, ಇಲ್ಲಿ ಸೋರ್ತಾ ಇದೆ' ಎಂದು ಹೆದರದೆ ಹೇಳಬೇಕು. ಮೇಲಿನವನು 'ನಿನಗೇನು ಗೊತ್ತು ಹೋಗೋ' ಎನ್ನದೆ ಬಗ್ಗಿ ನೋಡಬೇಕು. ಜಾತಿ ಇರುವ ಷೆಡ್ಡಿನಲ್ಲಿ ಇದು ನಡೆಯುತ್ತದಾ? ಎಂಜಿನಿಯರುಗಳೆಲ್ಲ ಒಂದು ಓಣಿಯವರು, ಒರೆಸುವವರೆಲ್ಲ ಇನ್ನೊಂದು ಓಣಿಯವರು ಆದರೆ, ಆ ಎರಡು ಓಣಿಯ ನಡುವೆ ಮಾತು ಸತ್ತುಹೋಗುತ್ತದೆ. ಮಾತು ಸತ್ತ ಷೆಡ್ಡಿನಿಂದ ಹೊರಟ ವಿಮಾನದಲ್ಲಿ ಯಾವ ಜಾತಿಯವನು ಕೂತರೂ ಒಂದೇ. ಸುರಕ್ಷತೆಗಾಗಿ ಜಾತಿ ತರಬೇಡಿ ಅನ್ನುವವರಿಗೆ ನಾವು ಹೇಳುವುದು ಇದನ್ನೇ: ಜಾತಿ ಆಗಲೇ ಒಳಗೆ ಬಂದಿದೆ ಸ್ವಾಮಿ. ಸುರಕ್ಷತೆಗಾಗಿ ಅದನ್ನು ಹೊರಗೆ ಹಾಕಿ. ಸಹಿ ಮಾಡುವ ಮೇಜಿನಲ್ಲಿ ನಮ್ಮವರೂ ಕೂರಲಿ.

ಹಾಗಾದರೆ ಏನು ಕೇಳಬೇಕು? ಖಾಸಗಿ ಕ್ಷೇತ್ರದಲ್ಲಿ ಮೀಸಲಾತಿ ಬೇಕು ಎಂಬ ನಮ್ಮ ದೊಡ್ಡ ಬೇಡಿಕೆ ಇದ್ದೇ ಇದೆ. ಅದು ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಈಗಿರುವ ಕಾನೂನಿನಲ್ಲೇ ಹಿಡಿಯಲು ಹಗ್ಗಗಳಿವೆ.

ಒಂದು: 1961ರ ಅಪ್ರೆಂಟಿಸ್ ಕಾಯ್ದೆ. ಇದು ಖಾಸಗಿ ಕಾರ್ಖಾನೆಗೂ ಅನ್ವಯಿಸುತ್ತದೆ. 1973ರಲ್ಲಿ ಇದಕ್ಕೆ 3ಎ ಎಂಬ ಕಲಂ ಸೇರಿಸಿದರು. ಗೊತ್ತುಮಾಡಿದ ಪ್ರತಿಯೊಂದು ಕಸುಬಿನಲ್ಲೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ತರಬೇತಿ ಸ್ಥಾನಗಳನ್ನು ಮಾಲೀಕ ಮೀಸಲಿಡಲೇಬೇಕು, ರಾಜ್ಯದಲ್ಲಿ ಅವರ ಜನಸಂಖ್ಯೆ ನೋಡಿ ಸ್ಥಾನ ಎಷ್ಟೆಂದು ಗೊತ್ತುಮಾಡಬೇಕು ಎಂದು ಅದು ಹೇಳುತ್ತದೆ. ಖಾಸಗಿಯವರ ತಲೆಯ ಮೇಲೆ ಐವತ್ತು ವರ್ಷದಿಂದ ಇರುವ ಮೀಸಲಾತಿ ಇದು. ನಮ್ಮ ಐಟಿಐ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ರನ್‌ವೇ ಪಕ್ಕದ ಷೆಡ್ಡುಗಳಲ್ಲಿ ಎಷ್ಟು ಅಪ್ರೆಂಟಿಸರು, ಅದರಲ್ಲಿ ನಮ್ಮವರೆಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಸರ್ಕಾರದ ಇಲಾಖೆಯನ್ನು ಕೇಳಬೇಕು. ಅರ್ಜಿಗೆ ಹತ್ತು ರೂಪಾಯಿ.

ಎರಡು: ನಮ್ಮ ರಾಜ್ಯದ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ. ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನು ನಮ್ಮ ಏಳಿಗೆಗೇ ಇಡಬೇಕೆಂದು ಮಾಡಿದ ಕಾನೂನು. ಆ ಹಣದಲ್ಲಿ ವಿಮಾನ ರಿಪೇರಿ ಎಂಜಿನಿಯರಿಂಗ್ ಓದುವವರ ಪೂರ್ತಿ ಫೀಸು ಕಟ್ಟಲಿ. ಹಾಸ್ಟೆಲುಗಳಲ್ಲಿ ಪಿಯುಸಿ ವಿಜ್ಞಾನಕ್ಕೆ ಗಣಿತದ, ಇಂಗ್ಲಿಷಿನ ಮೇಷ್ಟ್ರುಗಳನ್ನು ಇಡಲಿ. ರಸ್ತೆಗೆ ಡಾಂಬರು ಹಾಕಿ, ಅದರ ಮೇಲೆ ದಲಿತರೂ ನಡೆಯುತ್ತಾರೆ ಎಂದು ಲೆಕ್ಕ ತೋರಿಸುವ ಆಟ ನಿಲ್ಲಲಿ.

ಮೂರು: ಗುತ್ತಿಗೆಯ ಕರಾರು. ನಿಲ್ದಾಣದ ಕಂಪನಿಯಲ್ಲಿ ಕೂತಿರುವ ಸರ್ಕಾರದ ಪ್ರತಿನಿಧಿಗಳು ಬಾಯಿ ಬಿಡಬೇಕು. ಹೊಸ ಷೆಡ್ಡಿಗೆ ಜಾಗ ಕೊಡುವಾಗ, ಭೂಮಿ ಕಳೆದುಕೊಂಡ ಮತ್ತು ಆ ಭೂಮಿಯಲ್ಲಿ ಕೂಲಿ ಕಳೆದುಕೊಂಡ ಕುಟುಂಬಗಳ ಮಕ್ಕಳಿಗೆ ಇಷ್ಟು ತರಬೇತಿ ಸ್ಥಾನ, ಇಷ್ಟು ಖಾಯಂ ಕೆಲಸ ಎಂದು ಬರೆಸಬೇಕು. 'ಸ್ಥಳೀಯರಿಗೆ ಆದ್ಯತೆ' ಎಂಬ ಸಡಿಲ ಮಾತು ಸಾಲದು. 2024ರ ಜುಲೈನಲ್ಲಿ ರಾಜ್ಯದ ಸಚಿವ ಸಂಪುಟ ಖಾಸಗಿ ಕೈಗಾರಿಕೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿ, ಉದ್ಯಮಿಗಳು ಕಣ್ಣು ಬಿಟ್ಟ ಕೂಡಲೇ ತಡೆಹಿಡಿಯಿತು. ಅದು ಬಂದಿದ್ದರೂ ನಮ್ಮ ಪ್ರಶ್ನೆ ಉಳಿಯುತ್ತಿತ್ತು. ಸ್ಥಳೀಯರು ಅಂದರೆ ಗೌಡರ ಮಗನೂ ಸ್ಥಳೀಯ, ಜೀತದಾಳಿನ ಮಗನೂ ಸ್ಥಳೀಯ. ಕುರ್ಚಿ ಒಬ್ಬನಿಗೆ ಕೊಟ್ಟು, ಪೊರಕೆ ಇನ್ನೊಬ್ಬನಿಗೆ ಕೊಟ್ಟು, ಇಬ್ಬರೂ ಕನ್ನಡಿಗರು ಎಂದು ಲೆಕ್ಕ ಮುಚ್ಚಬಹುದು.

ನಾಲ್ಕು: ಒರೆಸುವ, ತೊಳೆಯುವ, ಕೆರೆಯುವ ಕೆಲಸಗಾರರಿಗೆ ಖಾಯಮಾತಿ, ಮುಖವಾಡ, ವೈದ್ಯ ತಪಾಸಣೆ, ಸಂಘ ಕಟ್ಟುವ ಹಕ್ಕು. ಸಹಿ ಸಿಗುವ ತನಕ ಪೊರಕೆ ಹಿಡಿದವರನ್ನು ಮರೆಯುವುದು ಹೋರಾಟವಲ್ಲ.

ತಮ್ಮಂದಿರೇ, ತಂಗಿಯರೇ, ಕೊನೆಯ ಮಾತು ನಿಮಗೆ. ನಾವು ಬಿ.ಎ. ಓದಿದವರು, ಪದ್ಯ ಬರೆಯುವವರು. ಪದ್ಯ ಬೇಕು. ಆದರೆ ನಮ್ಮ ಸಮಾಜದಲ್ಲಿ ಎಲ್ಲರೂ ಪದ್ಯ ಬರೆದು, ಯಾರೂ ಇಂಜಿನ್ ಬಿಚ್ಚದಿದ್ದರೆ ಆಗುವುದಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರಿದ್ದರೆ, ವಿಜ್ಞಾನ ನಿಮ್ಮ ಕೈಲಿ ಆಗಲ್ಲ ಎಂದು ಯಾರಾದರೂ ಹೇಳಿದರೆ, ಹಾಗೆ ಹೇಳಿದವರ ಮಾತು ನಂಬಬೇಡಿ. ಮೋಟಾರಿನ ಮನೆಯಲ್ಲಿ ಪಂಪು ಬಿಚ್ಚಿ ಜೋಡಿಸುವುದನ್ನು ಯಾವ ಕಾಲೇಜಿಗೂ ಹೋಗದೆ ಕಲಿತವರು ನಮ್ಮ ಅಣ್ಣಂದಿರು. ಆ ಬೆರಳುಗಳಿಗೆ ಪುಸ್ತಕ ಕೊಟ್ಟರೆ ಅವು ವಿಮಾನವನ್ನೂ ಜೋಡಿಸುತ್ತವೆ. ಐಟಿಐ ಓದುವವರು ಅಪ್ರೆಂಟಿಸ್ ಕಾಯ್ದೆಯ 3ಎ ಕಲಂ ಬಾಯಿಪಾಠ ಮಾಡಿ. ಆರ್ಟ್ಸ್ ಓದುವವರು ನಮ್ಮ ಜೊತೆ ಬನ್ನಿ. ಅರ್ಜಿ ಬರೆಯೋಣ, ಪಹಣಿ ಓದೋಣ, ಹಳ್ಳಿಗೆ ಹೋಗಿ ಕೂಲಿ ಕಳೆದುಕೊಂಡ ಮನೆಗಳ ಪಟ್ಟಿ ಮಾಡೋಣ. ಸರ್ಕಾರ ಬರೆಯದ ಪಟ್ಟಿ ಅದು. ಅದನ್ನು ನಾವೇ ಬರೆಯಬೇಕು.

ನಮ್ಮ ಅಜ್ಜಂದಿರಿಗೆ ಅಕ್ಷರ ಕೊಡಲಿಲ್ಲ, ಆಮೇಲೆ ಅವರ ಹೆಬ್ಬೆಟ್ಟು ತೆಗೆದುಕೊಂಡರು. ಆ ಹೆಬ್ಬೆಟ್ಟಿನ ಮಸಿ ರನ್‌ವೇಯ ಅಡಿಯಲ್ಲಿ ಇನ್ನೂ ಒಣಗಿಲ್ಲ. ಅದರ ಮೇಲಿಂದ ಏಳುವ ಒಂದೊಂದು ವಿಮಾನಕ್ಕೂ 'ಇದು ಸರಿಯಾಗಿದೆ, ಹಾರಬಹುದು' ಎಂದು ಬರೆದು ನಮ್ಮ ಹುಡುಗಿಯೊಬ್ಬಳು ತನ್ನ ಪೂರ್ತಿ ಹೆಸರು ಹಾಕುವ ತನಕ ಈ ಲೆಕ್ಕ ಚುಕ್ತಾ ಆಗುವುದಿಲ್ಲ.

ಜೈ ಭೀಮ್.